ಒಸಾಕಾಕ್ಕೆ ಕ್ಷಮೆ ಕೇಳಲು ಹೋದದ್ದು

ದಾಸರಹಳ್ಳಿಯ ಅಡುಗೆಮನೆ

ಜಪಾನಿ ಮಾತನ್ನು ನಾನು ಕಲಿತದ್ದು ರೊಟ್ಟಿ ತಟ್ಟುತ್ತಾ. ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ನಿಲ್ಲಿಸಿದರೆ ಬೆಳಗಿನ ರೊಟ್ಟಿ ಮುಗಿಯುವಷ್ಟರಲ್ಲಿ ಒಂದು ಪಾಠ ಮುಗಿಯುತ್ತಿತ್ತು. ಪಾಠ ಎಂದರೆ ಶಾಲೆಯ ಪಾಠವಲ್ಲ. ಜಪಾನಿನ ಯಾವುದೋ ಊರಿನ ಹುಡುಗಿಯೊಬ್ಬಳು ತನ್ನ ಅಡುಗೆಮನೆಯಲ್ಲಿ ನಿಂತು ಮಾಡಿ ಹಾಕುವ ವಿಡಿಯೋಗಳು. ಮೊದಲು ಏನನ್ನೋ ಅಗಿಯುತ್ತಾ, ಗೆಳತಿಯ ಹತ್ತಿರ ಹರಟುವ ಹಾಗೆ ಒಂದು ಮಾತು ಹೇಳುತ್ತಾಳೆ. ಆಮೇಲೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಕಪ್ಪು ಕೋಟು ತೊಟ್ಟು, ಕೂದಲು ಸರಿಮಾಡಿಕೊಂಡು, ಅದೇ ಮಾತನ್ನು ಆಫೀಸಿನ ದೊಡ್ಡವರ ಮುಂದೆ ಹೇಳಬೇಕಾದ ಹಾಗೆ ಹೇಳುತ್ತಾಳೆ. ಕೋಟು ತೊಟ್ಟರೆ ಅವಳ ಮಾತು ಮೂರು ಪಟ್ಟು ಉದ್ದವಾಗುತ್ತದೆ, ದನಿ ಸಣ್ಣದಾಗುತ್ತದೆ, ಬೆನ್ನು ಬಾಗುತ್ತದೆ. ಹೀಗಾಗಿ ನನ್ನ ತಲೆಯಲ್ಲಿ ಜಪಾನಿ ಎರಡು ಭಾಷೆಯಾಗಿಯೇ ಉಳಿದಿದೆ. ಒಂದು ಕೋಟಿನ ಮಾತು, ಇನ್ನೊಂದು ಕೋಟಿಲ್ಲದ ಮಾತು.

ಕಲಿಯುವ ಹಟ ಬಂದದ್ದು ಸಿಟ್ಟಿನಿಂದ. ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುವವಳು. ಪಂಪುಗಳಿಗೆ ಬೇಕಾದ ಉಕ್ಕಿನ ಬಿಡಿಭಾಗಗಳನ್ನು ಮಾಡುತ್ತೇವೆ. ಒಮ್ಮೆ ಜಪಾನಿನ ಗಿರಾಕಿಗಳು ನಮ್ಮ ಕೆಲಸ ನೋಡಲು ಬಂದಿದ್ದರು. ಬಂದವರು ನನ್ನ ಮೇಜಿನ ಮುಂದೆ ನಿಂತು ಅಷ್ಟುದ್ದ ಏನೇನೋ ಹೇಳಿದರು. ಜೊತೆಯಲ್ಲಿದ್ದ ದುಭಾಷಿ ನನ್ನ ಕಡೆ ತಿರುಗಿ "ಓಕೆ ಅಂತೆ" ಎಂದ. ಅಷ್ಟುದ್ದದ ಮಾತಿನಲ್ಲಿ ಬರೀ ಓಕೆ ಇರಲು ಸಾಧ್ಯವೇ? ಉಳಿದದ್ದನ್ನು ಆತ ನುಂಗಿದನೆಂದು ನನಗೆ ಇವತ್ತಿಗೂ ಅನುಮಾನ. ಅಂದು ಸಂಜೆ ಮಗಳ ಕೈಲಿ ಆ ಹುಡುಗಿಯ ವಿಡಿಯೋ ಹುಡುಕಿಸಿದೆ. ಆಮೇಲೆ ನಮ್ಮ ಮನೆಯಲ್ಲಿ ಕುಕ್ಕರಿನ ಎದುರು ನಾನು ಬಗ್ಗಿ ಬಗ್ಗಿ ನಮಸ್ಕಾರ ಮಾಡುವುದನ್ನು ನೋಡಿ ಯಜಮಾನರು, "ಬೇಳೆ ಬೇಯಿಸೋದಕ್ಕೂ ಇಷ್ಟು ಬೇಡ್ಕೋಬೇಕೇನೆ?" ಎಂದು ಕೇಳುವುದು ಮಾಮೂಲಾಯಿತು.

ಪೀಣ್ಯದಿಂದ ಹೊರಟ ಕುಂಕುಮ

ಆ ಗಿರಾಕಿಗಳು ಕೊನೆಗೂ ಆರ್ಡರ್ ಕೊಟ್ಟರು. ಮೊದಲ ಕಂತು ಹಡಗು ಹತ್ತಿತು. ತಿಂಗಳು ಕಳೆದ ಮೇಲೆ ಒಂದು ಫೋಟೋ ಬಂತು. ನಮ್ಮದೇ ಒಂದು ಭಾಗ, ಅದರ ಆಚೆ ಬದಿಗೆ ತೆರೆದುಕೊಳ್ಳದ ಕುರುಡು ತೂತಿನ ತಳದಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿದೆ. ತುಕ್ಕು ಹಿಡಿದಿದೆಯೇ ಎಂದು ಕೇಳಿದ್ದರು. ತುಕ್ಕು ಹಿಡಿಯುವ ಉಕ್ಕಾದರೆ ಮುಂದಿನ ಕಂತು ಬೇಡ, ಕಾರಣ ತಿಳಿಸಿ ಎಂದಿದ್ದರು.

ಫೋಟೋ ನೋಡಿದ ಕೂಡಲೇ ನಮಗೆಲ್ಲ ಗೊತ್ತಾಯಿತು. ಅದು ತುಕ್ಕಲ್ಲ, ಕುಂಕುಮ. ಹಚ್ಚಿದವರು ಶಾಂತವ್ವ. ರೋಣದ ಕಡೆಯವರು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಮಗನ ಜೊತೆ ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ಇರುತ್ತಾರೆ. ನಮ್ಮಲ್ಲಿ ತೊಳೆದ ಭಾಗಗಳನ್ನು ಎಣ್ಣೆ ಹಚ್ಚಿ, ಕಾಗದ ಸುತ್ತಿ ಪ್ಯಾಕ್ ಮಾಡುವ ಕೆಲಸ ಅವರದು. ಕಾರ್ಖಾನೆಯಲ್ಲಿ ಹೊಸ ಕೆಲಸದ ಮೊದಲ ಪೀಸಿಗೆ ಕುಂಕುಮ ಹಚ್ಚುವುದು ಹೊಸದೇನಲ್ಲ. ನಮ್ಮ ಮಾಲೀಕರಾದ ಬಸವರಾಜಪ್ಪನವರೇ ತೆಂಗಿನಕಾಯಿ ಒಡೆದು ಶುರುಮಾಡುವವರು. ಶಾಂತವ್ವ ಮಾಡಿದ್ದು ಇಷ್ಟೇ. ಮಾಲು ದೇಶ ಬಿಟ್ಟು ಹೊರಡುತ್ತಿದೆಯಲ್ಲ ಎಂದು, ಪೆಟ್ಟಿಗೆಗೆ ಇಡುವ ಮುನ್ನ, ತೊಳೆದಾದ ಮೇಲೆ, ಮೊದಲ ಪೀಸಿಗೆ ಇನ್ನೊಮ್ಮೆ ಕುಂಕುಮ ಇಟ್ಟಿದ್ದರು. ಎಣ್ಣೆಯ ಜೊತೆ ಅದು ತೂತಿಗೆ ಇಳಿದಿತ್ತು.

ಬಸವರಾಜಪ್ಪನವರಿಗೆ ದಿಗಿಲಾಯಿತು. ಅಂಜಿದಾಗ ಅವರು ಮೊದಲು ಮಾಡುವ ಕೆಲಸ ಯಾರನ್ನಾದರೂ ಮನೆಗೆ ಕಳಿಸುವುದು.

"ಇದು ಮುಗಿಯೋ ತನಕ ನೀನು ಬರೋದು ಬೇಡಮ್ಮ" ಎಂದು ಶಾಂತವ್ವನಿಗೆ ಎಲ್ಲರ ಎದುರೇ ಹೇಳಿಬಿಟ್ಟರು.

ಶಾಂತವ್ವ ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಗೇಟಿನವರೆಗೆ ಹಿಂದೆಯೇ ಹೋದೆ.

"ನಾ ಏನ್ ಕೆಟ್ಟದ್ದ ಮಾಡೀನ್ರೀ ಅಕ್ಕಾರ?" ಎಂದರು.

"ಆರ್ಡರೂ ಉಳಿಸ್ತೀನಿ, ನಿಮ್ಮನ್ನೂ ವಾಪಸ್ ಕರಸ್ತೀನಿ" ಎಂದೆ. ಹೇಳಿದ ಮೇಲೆ ಮಾಡಲೇಬೇಕಲ್ಲ. ಒಳಗೆ ಬಂದು, ಒಸಾಕಾಕ್ಕೆ ನಾನೇ ಹೋಗುತ್ತೇನೆ, ದುಭಾಷಿ ಬೇಡ ಎಂದೆ.

"ನಿಮಗೆ ಬರುತ್ತೇನ್ರೀ ಅಷ್ಟು?" ಬಸವರಾಜಪ್ಪನವರಿಗೆ ನಂಬಿಕೆ ಇಲ್ಲ.

"ಕ್ಷಮೆ ಕೇಳೋಕೆ ಬೇಕಾದಷ್ಟು ಬರುತ್ತೆ ಸಾರ್."

"ಸರಿ, ಹೋಗಿ. ಆದ್ರೆ ಕುಂಕುಮ ಗಿಂಕುಮ ಅನ್ಬೇಡಿ, ನಗ್ತಾರೆ. ತುಕ್ಕು ಅಂದ್ಬಿಡಿ, ಇನ್ಮೇಲೆ ಎಣ್ಣೆ ಜಾಸ್ತಿ ಹಚ್ತೀವಿ ಅನ್ನಿ."

ವಿಮಾನ ಇಳಿದ ಮೇಲೆ

ದಣಿದಾಗ ಮನುಷ್ಯನ ಬಾಯಿಗೆ ಬರುವುದು ಕೋಟಿಲ್ಲದ ಮಾತೇ. ಇದು ನನಗೆ ರೈಲು ನಿಲ್ದಾಣದಲ್ಲಿ ಗೊತ್ತಾಯಿತು. ಬಿಳಿ ಕೈಗವಸು ತೊಟ್ಟು, ಟೋಪಿ ಇಟ್ಟುಕೊಂಡು ನೆಟ್ಟಗೆ ನಿಂತಿದ್ದ ನಿಲ್ದಾಣದ ಅಧಿಕಾರಿಯ ಬಳಿ ಹೋಗಿ, ಮನಸ್ಸಿನಲ್ಲಿ ದೊಡ್ಡ ವಾಕ್ಯವೊಂದನ್ನು ಜೋಡಿಸಿಕೊಂಡೇ ಹೋಗಿ, ಬಾಯಿ ತೆರೆದರೆ ಬಂದದ್ದು "ಲೇ, ಈ ಗಾಡಿ ಎಲ್ಲಿಗ್ ಹೋಗುತ್ತೆ?" ಎನ್ನುವಂಥದ್ದು. ನಮ್ಮಲ್ಲಿ ಆಗಿದ್ದರೆ "ಯಾಕಮ್ಮ, ಮರ್ಯಾದೆ ಇಲ್ವಾ?" ಎಂದು ತಿರುಗಿ ಬೀಳುತ್ತಿದ್ದರು. ಆತ ಮಾತ್ರ ಮಹಾರಾಣಿಯೊಬ್ಬಳು ಬಂದು ಕೇಳಿದಳೋ ಎಂಬಂತೆ ಬಾಗಿ, ಅಂಗೈ ಚಾಚಿ ದಾರಿ ತೋರಿಸಿ, ನನ್ನನ್ನು ಸರಿಯಾದ ಬಾಗಿಲಿನವರೆಗೆ ಬಿಟ್ಟುಬಂದ. ನಾಚಿಕೆಯಾಯಿತು. ಆದರೆ ರೈಲು ಸರಿಯಾದದ್ದೇ ಸಿಕ್ಕಿತು.

ರೈಲಿನಲ್ಲಿ ತದ್ವಿರುದ್ಧ ಆಯಿತು. ಪಕ್ಕದಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಕೂದಲಿಗೆ ನೇರಳೆ ಬಣ್ಣ, ತೊಡೆಯ ಮೇಲೆ ಮೂಲಂಗಿ ಇಣುಕುವ ಚೀಲ. ನನ್ನ ಸೀರೆಯ ಸೆರಗನ್ನು ಹಿಡಿದು ನೋಡಿ, ಹತ್ತಿಯೋ ರೇಷ್ಮೆಯೋ ಎಂದು ಕೇಳಿ, ಪರ್ಸಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ನನ್ನ ಕೈಲಿಟ್ಟರು. ಒಸಾಕಾದ ಹೆಂಗಸರು ಕಂಡ ಕಂಡವರಿಗೆ ಹೀಗೆ ಪೆಪ್ಪರ್‌ಮಿಂಟ್ ಕೊಡುತ್ತಾರೆ ಎಂದು ಕೋಟಿನ ಹುಡುಗಿ ಹೇಳಿದ್ದಳು, ನಾನು ನಂಬಿರಲಿಲ್ಲ. ಈ ಸಲ ಎಡವಬಾರದೆಂದು, ಕೋಟಿನ ಮಾತಿನಲ್ಲೂ ಅತಿ ದೊಡ್ಡ ಕೋಟಿನದನ್ನು ಹೆಕ್ಕಿ, ಎದ್ದು ನಿಂತು, ಕಂಪನಿಯ ಅಧ್ಯಕ್ಷರಿಂದ ಪ್ರಶಸ್ತಿ ಪಡೆಯುವವರು ಹೇಳುವಂಥ ಧನ್ಯವಾದವನ್ನು ಅರ್ಪಿಸಿದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಎದುರಿನ ಸೀಟಿನ ಹೆಂಗಸಿಗೂ ಹೇಳಿ ನಗಿಸಿದರು. "ಅಯ್ಯೋ, ಒಂದ್ ಪೆಪ್ಪರ್‌ಮಿಂಟಿಗೆ ಇಷ್ಟಾ? ಓಕಿನಿ ಅಂದ್ರೆ ಸಾಕು ಕಣೆ" ಎಂದರು. ಓಕಿನಿ ಎಂದರೆ ಆ ಊರಿನ ಥ್ಯಾಂಕ್ಸು. ಒಸಾಕಾದವರ ಮಾತು ಟಿವಿಯ ಜಪಾನಿ ಅಲ್ಲ. ನಮ್ಮ ಬೆಂಗಳೂರಿನ ಕನ್ನಡಕ್ಕೂ ಶಾಂತವ್ವನ ಕನ್ನಡಕ್ಕೂ ಇರುವಷ್ಟು ದೂರ ಇದೆ, ಮತ್ತು ಅಷ್ಟೇ ಬಿಚ್ಚುಮನಸ್ಸಿನದು.

ರೈಲಿನಲ್ಲಿ ಬೇರೆ ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಮೆಟ್ರೋದಲ್ಲಿ ನಾಗಸಂದ್ರ ಬರುವುದರೊಳಗೆ ಒಬ್ಬರ ಮನೆಯ ಜಗಳ, ಇನ್ನೊಬ್ಬರ ಕ್ರಿಕೆಟ್ಟು, ಮತ್ತೊಬ್ಬರ ದೇವರ ಹಾಡು ಎಲ್ಲ ನಮ್ಮ ಕಿವಿಗೆ ಬಿಟ್ಟಿಯಾಗಿ ಸಿಗುತ್ತವೆ. ಇಲ್ಲಿ ಮಾತಾಡಿದ್ದು ರೈಲೇ. ಸ್ವಲ್ಪ ತಡವಾಯಿತೆಂದು ಅದು ಎರಡೆರಡು ಸಲ ಕ್ಷಮೆ ಕೇಳಿತು. ನನಗೆ ಕಂಡಂತೆ ತಡ ಏನೂ ಆಗಿರಲಿಲ್ಲ. ಹಾಗೆಂದು ಎಲ್ಲರೂ ಕ್ಷಮೆ ಕೇಳುತ್ತಾರೆಂದು ತಿಳಿಯಬೇಡಿ. ಇಳಿಯುವಾಗ ಸೂಟು ತೊಟ್ಟವನೊಬ್ಬ ನನ್ನ ಕಾಲ ಬೆರಳನ್ನು ತುಳಿದು ತಿರುಗಿಯೂ ನೋಡದೆ ಹೋದ. ಆ ದೇಶದಲ್ಲಿ ಸಮವಸ್ತ್ರ ತೊಟ್ಟವರು, ಯಂತ್ರಗಳು ಮತ್ತು ಅಂಗಡಿಯವರು ಕ್ಷಮೆ ಕೇಳುತ್ತಾರೆ. ಉಳಿದವರು ನಮ್ಮ ಹಾಗೆಯೇ.

ಹಿಗಾಶಿ-ಒಸಾಕಾ

ಒಸಾಕಾದ ಮಗ್ಗುಲಿಗಿರುವ ಈ ಊರು ನನಗೆ ಮೂಗಿನಿಂದ ಪರಿಚಯವಾಯಿತು. ಓಣಿ ತಿರುಗಿದ ಕೂಡಲೇ ಲೋಹ ಕೊರೆಯುವಾಗ ಸುರಿಯುವ ಕಟಿಂಗ್ ಆಯಿಲಿನ ವಾಸನೆ. ಅರ್ಧ ಎಳೆದ ಶಟರುಗಳ ಹಿಂದೆ ಲೇತು ತಿರುಗುವ ಸದ್ದು, ಬಾಗಿಲ ಮುಂದೆ ಡ್ರಮ್ಮಿನಲ್ಲಿ ಸುರುಳಿ ಸುರುಳಿ ಲೋಹದ ಚೂರು, ಮೇಲಿನ ಮಹಡಿಯಲ್ಲಿ ಒಣಗಲು ಹಾಕಿದ ಬಟ್ಟೆ. ಪೀಣ್ಯವನ್ನು ತೊಳೆದು ಒರೆಸಿ ಇಟ್ಟಿದ್ದಾರೆ ಎನ್ನಿಸಿತು. ನಮ್ಮಲ್ಲಿರುವ ಗುಂಡಿಗಳೂ ಟೀ ಅಂಗಡಿಗಳೂ ಮಾತ್ರ ಇಲ್ಲ. ಟೀಗೆ ಬದಲು ಓಣಿಯ ತಿರುವಿನಲ್ಲಿ ಒಂದು ಪೆಟ್ಟಿಗೆ ನಿಂತಿದೆ, ನಾಣ್ಯ ಹಾಕಿದರೆ ಬಿಸಿ ಬಿಸಿ ಡಬ್ಬಿ ಉರುಳುತ್ತದೆ. ಹಾಲಿಲ್ಲದ, ಸಕ್ಕರೆಯಿಲ್ಲದ ಹಸಿರು ಕಷಾಯ. ಅದನ್ನು ಕುಡಿದುಕೊಂಡು ಇಷ್ಟೊಳ್ಳೆ ಕೆಲಸ ಹೇಗೆ ಮಾಡುತ್ತಾರೋ ನನಗೆ ತಿಳಿಯಲಿಲ್ಲ.

ಊಟದ್ದು ಬೇರೆಯೇ ಕತೆ. ನಾನು ಮೀನು ತಿನ್ನುವುದಿಲ್ಲ ಎಂದು ಕೋಟಿನ ಮಾತಿನಲ್ಲೂ ಕೋಟಿಲ್ಲದ ಮಾತಿನಲ್ಲೂ ಹೇಳಿ ನೋಡಿದೆ. ಪ್ರತಿ ಸಲವೂ "ಖಂಡಿತ, ಮೀನು ಹಾಕುವುದಿಲ್ಲ" ಎಂದು ನಗುತ್ತಾ ಮೀನಿನ ಸಾರಿನಲ್ಲಿ ಬೇಯಿಸಿದ ತರಕಾರಿ ತಂದಿಟ್ಟರು. ಅವರ ಲೆಕ್ಕದಲ್ಲಿ ಸಾರು ಮೀನಲ್ಲ. ವಾದ ಮಾಡಿ ಪ್ರಯೋಜನವಿಲ್ಲವೆಂದು ತಂದಿದ್ದ ಅವಲಕ್ಕಿಗೆ ಚಟ್ನಿಪುಡಿ ಕಲೆಸಿಕೊಂಡೆ.

ಸಭೆ

ಗಿರಾಕಿಗಳ ಕಾರ್ಖಾನೆಯ ಕ್ವಾಲಿಟಿ ಮುಖ್ಯಸ್ಥರು ಹಿರಾತಾ-ಸಾನ್. 'ಸಾನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ. ಐವತ್ತರ ಆಸುಪಾಸಿನ ಸಪೂರ ಮನುಷ್ಯ, ನೀಲಿ ಸಮವಸ್ತ್ರ, ಜೇಬಿನಲ್ಲಿ ಸಾಲಾಗಿ ಪೆನ್ನು. ಅವರ ಜೊತೆ ಇನ್ನಿಬ್ಬರು ಕೂತಿದ್ದರು. ಕೂರುವ ಮೊದಲು ನಾನು ಕಲಿತು ತಂದಿದ್ದ ಅತಿ ದೊಡ್ಡ ಕ್ಷಮೆಯನ್ನು ತೆಗೆದೆ. "ಮೋಶಿವಾಕೆ ಗೊಝಾಯಿಮಾಸೆನ್" ಎಂದು ಸೊಂಟದಿಂದ ಬಾಗಿದೆ. ಅಭ್ಯಾಸ ಬಲದಿಂದ ಕೈಗಳೂ ಮುಗಿದುಕೊಂಡವು. ನೆಟ್ಟಗಾದಾಗ ಮೂವರೂ ಎದ್ದು ನಿಂತು ಬಾಗಿದ್ದರು. ಒಂದು ಉಚ್ಚಾರವೂ ತಪ್ಪಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಎಷ್ಟೋ ಬೆಳಗಿನ ರೊಟ್ಟಿ ಸುಟ್ಟು ಕಲಿತ ಮಾತು ಅದು.

ಬಿಳಿ ತಟ್ಟೆಯಲ್ಲಿ ನಮ್ಮ ಪೀಸನ್ನು ತಂದಿಟ್ಟು ದೀಪ ಹಾಕಿದರು. ತೂತಿನ ತಳದಲ್ಲಿ ಕೆಂಪು.

"ಇದು ತುಕ್ಕು ಎಂದು ನಾವು ಭಾವಿಸಿದ್ದೇವೆ. ತಮ್ಮ ಅಭಿಪ್ರಾಯವನ್ನು ದಯವಿಟ್ಟು ತಿಳಿಸುವಿರಾ?" ಎಂದರು ಹಿರಾತಾ-ಸಾನ್. ಪಕ್ಕಾ ಕೋಟಿನ ಮಾತು.

ಬಸವರಾಜಪ್ಪನವರು ಹೇಳಿಕೊಟ್ಟಿದ್ದು ನೆನಪಾಯಿತು. ಹೌದು ತುಕ್ಕು ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ತುಕ್ಕು ಎಂದರೆ ನಮ್ಮ ಉಕ್ಕಿನ ಹೆಸರು ಕೆಡುತ್ತದೆ. ಶಾಂತವ್ವ ಮಾಡದ ತಪ್ಪೊಂದು ಅವರ ಹಣೆಗೆ ಅಂಟುತ್ತದೆ. ನಮ್ಮ ಕಾರ್ಖಾನೆಯ ಉಕ್ಕನ್ನು ಎಷ್ಟೋ ವರ್ಷದಿಂದ ನೋಡುತ್ತಿರುವವಳು ನಾನು, ಅದಕ್ಕೆ ತುಕ್ಕು ಹಿಡಿಯಿತೆಂದು ನನ್ನ ಬಾಯಿಂದ ಹೇಳಲಾರೆ.

"ತುಕ್ಕಲ್ಲ" ಎಂದೆ.

ಕೋಟಿನ ಹುಡುಗಿ ಕುಂಕುಮಕ್ಕೆ ಜಪಾನಿಯಲ್ಲಿ ಏನೆನ್ನುತ್ತಾರೆಂದು ಹೇಳಿಕೊಟ್ಟಿರಲಿಲ್ಲ. ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದೆ. ಬಿಳಿ ಕಾಗದದ ಮೇಲೆ ಚಿಟಿಕೆ ಹಾಕಿ, ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಪೀಸಿನ ಪಕ್ಕಕ್ಕೆ ಸರಿಸಿದೆ. ಆಮೇಲೆ ನನ್ನ ಹಣೆ ತೋರಿಸಿದೆ. ಮೂವರೂ ನನ್ನ ಹಣೆ, ಕಾಗದ, ಪೀಸು ಮೂರನ್ನೂ ಸರದಿಯಂತೆ ನೋಡಿದರು. ಕಿರಿಯವನೊಬ್ಬ ಭೂತಗನ್ನಡಿಯಂಥ ಯಂತ್ರ ತಂದು ಎರಡನ್ನೂ ಇಟ್ಟು ನೋಡಿ ತಲೆಯಾಡಿಸಿದ. "ದೇವರಿಗೆ" ಎಂದೆ. ತಕ್ಷಣ ಮೂವರೂ ಗೋಡೆಯ ಮೇಲುಗಡೆ ನೋಡಿದರು. ಅಲ್ಲೊಂದು ಮರದ ಗೂಡು. ಮುಂದೆ ಚಿಕ್ಕ ಬಟ್ಟಲುಗಳಲ್ಲಿ ಅಕ್ಕಿ, ಉಪ್ಪು, ನೀರು. ಅವರ ಯಂತ್ರಗಳನ್ನು ಕಾಯುವ ದೇವರು ಅಲ್ಲಿ ಕೂತಿತ್ತು.

ಇನ್ನೇನು ಕೈ ಕುಲುಕಿ, ನೀವೂ ನಾವೂ ಒಂದೇ ಎಂದು ಎದ್ದುಬಿಡುತ್ತೇವೆ ಎಂದುಕೊಂಡೆ. ಹಿರಾತಾ-ಸಾನ್ ಪೆನ್ನಿನ ಮುಚ್ಚಳ ತೆಗೆದರು.

"ನಾಝೆ?" ಎಂದರು. ಎಂದರೆ, ಯಾಕೆ?

ಅದು ಅವರ ಕೆಲಸದ ಪದ್ಧತಿ. ಒಂದು ಉತ್ತರ ಸಿಕ್ಕರೆ ಅದರ ಬೆನ್ನಿಗೆ ಇನ್ನೊಂದು ಯಾಕೆ. ತಳ ಸಿಗುವವರೆಗೂ ಅಗೆಯುವುದು. ದೇವರದು ದೇವರ ಜಾಗದಲ್ಲಿರಬೇಕು, ಪೀಸಿನ ಮೇಲೆ ಯಾಕೆ ಬಂತು? ಮೊದಲ ಪೀಸಿಗೆ ಹಚ್ಚುವುದು ನಮ್ಮ ರೂಢಿ. ತೊಳೆದರೆ ಹೋಗಬೇಕಲ್ಲ, ಯಾಕೆ ಹೋಗಲಿಲ್ಲ? ತೊಳೆದ ಮೇಲೆ ಹಚ್ಚಿದ್ದು. ತೊಳೆದ ಮೇಲೆ ಯಾಕೆ ಹಚ್ಚಿದರು?

ಕೋಟಿನ ಮಾತಿನಲ್ಲಿ ಇದನ್ನು ಹೇಳಲು ಆಗುವುದಿಲ್ಲವೆನ್ನಿಸಿತು. ಬರುವಷ್ಟು ಸರಳ ಮಾತಿನಲ್ಲಿ ಹೇಳಿದೆ. "ನಮ್ಮ ಊರಿನಲ್ಲಿ ಹೆಂಗಸು ಮನೆಗೆ ಬಂದು ಹೊರಡುವಾಗ ಕುಂಕುಮ ಕೊಟ್ಟು ಕಳಿಸುತ್ತೇವೆ. ಮಗಳು ದೂರ ಹೋಗುವಾಗಲೂ ಅಷ್ಟೇ. ಈ ಪೀಸು ತುಂಬ ದೂರ ಹೊರಟಿತ್ತು. ಪ್ಯಾಕ್ ಮಾಡುವ ಶಾಂತವ್ವ-ಸಾನ್ ಅದನ್ನು ಮಗಳ ಹಾಗೆ ಕಳಿಸಿದರು."

ಯಾರೂ ನಗಲಿಲ್ಲ. ಹಿರಾತಾ-ಸಾನ್ ತಟ್ಟೆಯಲ್ಲಿದ್ದ ಪೀಸನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರು.

"ಮತ್ತೆ ಹೀಗಾಗದಿರಲು ಏನು ಮಾಡಬೇಕೆಂದು ಶಾಂತವ್ವ-ಸಾನ್ ಅವರ ಅಭಿಪ್ರಾಯ?"

"ಅವರನ್ನು ಯಾರೂ ಕೇಳಲಿಲ್ಲ" ಎಂದೆ.

"ಈಗ ಅವರು ಎಲ್ಲಿದ್ದಾರೆ?"

"ಮನೆಯಲ್ಲಿ. ಇದು ಮುಗಿಯುವವರೆಗೆ ಬರಬೇಡ ಎಂದಿದ್ದಾರೆ."

ಪೆನ್ನು ಕೆಳಗಿಟ್ಟರು. "ಅಕನ್" ಎಂದರು. ಅಷ್ಟು ಹೊತ್ತು ಕೋಟಿನ ಮಾತು ಆಡುತ್ತಿದ್ದ ಮನುಷ್ಯ ಒಸಾಕಾದ ಓಣಿಯ ಮಾತಿಗೆ ಇಳಿದಿದ್ದರು. ಅಕನ್ ಎಂದರೆ ಕೂಡದು, ಅದಾಗುವುದಿಲ್ಲ. "ಮಾಡಿದೋರನ್ನ ಕಳಿಸ್ಬಿಟ್ರೆ ಮುಂದಿನವ್ರು ಮುಚ್ಚಿಡ್ತಾರೆ. ಆಮೇಲೆ ತೂತಲ್ಲಿ ಏನಿದೆ ಅಂತ ನಂಗೆ ಯಾರು ಹೇಳ್ತಾರೆ? ಅವ್ರನ್ನ ಕೇಳಿ. ನಾಳೆ ಅವ್ರ ಉತ್ತರ ಬಂದ್ರೆ ಆರ್ಡರ್ ಮಾತಾಡೋಣ."

ಸಂಜೆ, ಲಗ್ಗೆರೆಗೆ ಫೋನು

ಒಸಾಕಾದಲ್ಲಿ ಸಂಜೆಯಾಗಿದ್ದರೆ ಬೆಂಗಳೂರಿನಲ್ಲಿ ಇನ್ನೂ ಮಧ್ಯಾಹ್ನ. ಮೊದಲು ಬಸವರಾಜಪ್ಪನವರಿಗೆ ಹೇಳಿದೆ. "ಅವ್ರಿಗೆ ಪ್ಯಾಕಿಂಗ್ ಹೆಂಗಸಿನ ಮಾತು ಯಾಕ್ರೀ ಬೇಕು? ನೀವೇ ಏನಾರ ಹೇಳ್ಬಿಡಿ" ಎಂದರು. ಹೇಳುವುದಿಲ್ಲ ಎಂದೆ. ನಾಳೆ ವಿಡಿಯೋದಲ್ಲಿ ನೀವೂ ಕೂರಬೇಕು, ಒಂದು ವಾಕ್ಯ ಜಪಾನಿಯಲ್ಲಿ ಹೇಳಬೇಕು, ಕಲಿಸುತ್ತೇನೆ ಎಂದೆ. ಆರ್ಡರ್ ಎಂದ ಮೇಲೆ ಅವರು ಕಲಿಯದೆ ಇರುವವರಲ್ಲ. "ಮೋಶಿ... ಏನ್ರೀ ಇದು, ಬಾಯಲ್ಲಿ ಹಿಟ್ಟಿಟ್ಕೊಂಡಂಗಾಗುತ್ತೆ" ಎಂದು ಗೊಣಗುತ್ತಲೇ ಬಾಯಿಪಾಠ ಮಾಡಿದರು.

ಆಮೇಲೆ ಶಾಂತವ್ವ.

"ಹೇಳ್ರೀ ಅಕ್ಕಾರ. ಜಪಾನದಾಗ ಉಣ್ಣಾಕ ಸಿಗತೈತೇನ್ರೀ?"

"ಅವಲಕ್ಕಿ ತಂದಿದ್ದೀನಿ. ಶಾಂತವ್ವ, ಇಲ್ಲಿನವ್ರು ನಿಮ್ಮನ್ನೇ ಒಂದ್ ಮಾತು ಕೇಳ್ಬೇಕಂತೆ. ಇನ್ನೊಂದ್ಸಲ ಹಿಂಗಾಗ್ಬಾರ್ದು ಅಂದ್ರೆ ಏನ್ ಮಾಡ್ಬೇಕು?"

ಆ ಕಡೆಯ ಓಣಿಯಲ್ಲಿ ಸೊಪ್ಪಿನವನ ಕೂಗು ಕೇಳಿಸಿತು.

"ನನ್ನ ಕೇಳತಾರ?"

"ಹೂಂ. ನಿಮ್ಮನ್ನೇ."

"ಕುಂಕುಮ ಬಿಡಾಕ ಆಗೂದಿಲ್ರೀ. ಹೊರಗ ಹೊಂಟಿದ್ದಕ್ಕ ಹಂಗ ಬರೀ ಹಣೀಲೆ ಹ್ಯಾಂಗ ಕಳಸೂದು? ಆದ್ರ ಪೆಟ್ಟಿಗಿಗೆ ಹಚ್ಚು ಅಂದಿದ್ರ ಪೆಟ್ಟಿಗಿಗೇ ಹಚ್ಚತಿದ್ದೆ. ಪೆಟ್ಟಿಗಿಗೆ ಹಚ್ಚಿದ್ರ ಒಳಗಿಂದಕ್ಕೂ ಹಚ್ಚಿದಂಗ. ಅಷ್ಟ ಹೇಳೂದಿತ್ತು, ಮನೀಗೆ ಯಾಕ ಕಳಿಸಿದ್ರಿ?"

"ಬೇಗ ವಾಪಸ್ ಕರಸ್ತಾರೆ."

"ಅದಿರಲಿ. ನೀವಲ್ಲಿ ಬಗ್ಗಿ ಬಗ್ಗಿ ಎಲ್ಲಾರಿಗೂ ತಪ್ಪಾತು ಅಂತೀರಂತ. ಫೋನಿನ್ಯಾಗ ಅದನ್ನ ಕಲತೀರಂತ ಎಲ್ಲಾರೂ ಅಂತಿದ್ರು. ನನ್ನ ಮುಂದ ಯಾರ್ ಅಂತಾರ್ರೀ?"

"ನಾನು ಅಂತೀನಿ. ತಪ್ಪಾಯ್ತು ಶಾಂತವ್ವ" ಎಂದೆ.

"ನೀವ್ ಕಳಿಸಿಲ್ಲಲ್ಲ. ಕಳಿಸಿದವ್ರು ಅನ್ಲಿ" ಎಂದು ಫೋನಿಟ್ಟರು.

ಸೂಟಿಗೊಂದು, ಸಮವಸ್ತ್ರಕ್ಕೊಂದು, ಗೆಳತಿಗೊಂದು ಎಂದು ಜಪಾನಿಯಲ್ಲಿ ಕ್ಷಮೆಯ ಎಲ್ಲ ಅಳತೆಗಳನ್ನೂ ಕಲಿತಿದ್ದೆ. ಕನ್ನಡದಲ್ಲಿ ನಮಗೆ ಇರುವುದು ಒಂದೇ ತಪ್ಪಾಯ್ತು. ಅದನ್ನೂ ಸಾರಿ ಎಂಬ ಇಂಗ್ಲಿಷಿನ ಬೆನ್ನಿಗೆ ಬಚ್ಚಿಟ್ಟು ಓಡಾಡುತ್ತೇವೆ. ಅವತ್ತು ನನ್ನ ಮೇಲೆ, ನಮ್ಮ ಕಾರ್ಖಾನೆಯ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು.

ಎರಡನೆಯ ದಿನ

ಶಾಂತವ್ವನ ಉತ್ತರ ಹೇಳಿದೆ. ಹಿರಾತಾ-ಸಾನ್ ಬರೆದುಕೊಂಡರು. ಪೆಟ್ಟಿಗೆಯ ಮೇಲೆ ಯಾವ ಗುರುತೂ ಇರಬಾರದೆಂಬ ನಿಯಮವಿದೆ ಎಂದು ಕಿರಿಯವನು ನೆನಪಿಸಿದ. ವಿಳಾಸದ ಚೀಟಿಯ ಪಕ್ಕ ಒಂದು ಬೊಟ್ಟು ಇದ್ದರೆ ವಿಳಾಸ ಕಾಣದೇ ಹೋಗುತ್ತದೆಯೇ ಎಂದು ಹಿರಾತಾ-ಸಾನ್ ಕೇಳಿದರು. ಹಾಗೆಯೇ ಕುಂಕುಮ ಹಚ್ಚುವುದೂ ಕೆಲಸದ ಒಂದು ಹಂತವೆಂದು ನಮ್ಮ ಪಟ್ಟಿಯಲ್ಲಿ ಸೇರಬೇಕು, ಕದ್ದು ಮಾಡುವ ಹಾಗಿರಬಾರದು ಎಂದರು. ಮುಂದಿನ ಕಂತನ್ನು ಶಾಂತವ್ವ-ಸಾನ್ ಅವರೇ ಪ್ಯಾಕ್ ಮಾಡಲಿ ಎಂದೂ ಹೇಳಿದರು. ತೂತಿಗೆ ಏನು ಇಳಿಯುತ್ತದೆ ಎಂಬುದು ಈಗ ಅವರಿಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿಲ್ಲವಂತೆ.

ನನಗೂ ಸ್ವಲ್ಪ ಧೈರ್ಯ ಬಂದಿತ್ತು. "ನಿಮ್ಮ ಪ್ಯಾಕಿಂಗಿನವರ ಮುಂದೆ ನೀವು ಯಾವತ್ತಾದರೂ ಬಾಗಿ ಕ್ಷಮೆ ಕೇಳಿದ್ದೀರಾ?" ಎಂದೆ. ಹಿರಾತಾ-ಸಾನ್ ಕತ್ತು ಕೆರೆದುಕೊಂಡು, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ಕಿರಿಯವನು ಕಿಟಕಿಯ ಕಡೆ ಮುಖ ಮಾಡಿ ನಕ್ಕ.

ಬಸವರಾಜಪ್ಪನವರು ಪರದೆಯಲ್ಲಿ ಮೂಡಿದರು. ಮದುವೆಗೆ ತೊಡುವ ಕೋಟು, ಹಣೆಯ ತುಂಬ ವಿಭೂತಿ. "ಮೋಶಿವಾಕೆ ಗೊಝಾಯಿಮಾಸೆನ್" ಎಂದು ಬಾಗಿದರು. ಎಷ್ಟು ಬಾಗಿದರೆಂದರೆ ಪರದೆಯಲ್ಲಿ ಅವರ ಬೋಳು ನೆತ್ತಿ ಮಾತ್ರ ಉಳಿಯಿತು. ಹಿರಾತಾ-ಸಾನ್ ಕೂಡ ಬಾಗಿದರು. ಇಬ್ಬರಲ್ಲಿ ಯಾರು ಮೊದಲು ಏಳಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದರು. ಆರ್ಡರ್ ಉಳಿಯಿತು. ಉಚ್ಚಾರ ಒಂದು ಕಡೆ ತಪ್ಪಿತ್ತು, ಯಾರೂ ಲೆಕ್ಕಿಸಲಿಲ್ಲ.

ಎಲ್ಲ ಮುಗಿದ ಮೇಲೆ ನಾನೊಬ್ಬಳೇ ಬಸವರಾಜಪ್ಪನವರಿಗೆ ಫೋನು ಮಾಡಿದೆ.

"ಸಕ್ಕತ್ತಾಗಿ ಹೇಳಿದ್ರಿ ಸಾರ್. ಇದನ್ನೇ ಇನ್ನೊಂದ್ಸಲ ಕನ್ನ​ಡದಲ್ಲಿ ಹೇಳ್ಬೇಕು. ಲಗ್ಗೆರೆಗೆ ಹೋಗಿ."

"ಅದೆಲ್ಲಾ ಯಾಕ್ರೀ ಗಿರಿಜಾ? ಸೋಮವಾರದಿಂದ ಬರೋಕ್ಕೇಳಿ, ಸಾಕು."

"ಹಂಗ್ ಕರೆದ್ರೆ ಬರಲ್ಲ ಅವ್ರು. ಅವ್ರು ಬರ್ಲಿಲ್ಲ ಅಂದ್ರೆ ಹಿರಾತಾ-ಸಾನ್ ಅವ್ರಿಗೆ ನಾನೇನ್ ಹೇಳ್ಲಿ?"

ದೊಡ್ಡದಾಗಿ ಉಸಿರು ಬಿಟ್ಟರು. "ಆಯ್ತು, ಹೋಗ್ತೀನಿ ಬಿಡಿ" ಎಂದರು.

ಹೊರಡುವ ದಿನ

ವಿಮಾನಕ್ಕೆ ಕಾಯುತ್ತಾ ಕೂತಿದ್ದಾಗ ಶಾಂತವ್ವನ ಫೋನು ಬಂತು.

"ಸಾವ್ಕಾರ್ರು ಬಂದಿದ್ರು ಅಕ್ಕಾರ."

"ಬಂದ್ರಾ! ಏನಂದ್ರು?"

"ಮೆಟ್ಟಲ ಹತ್ತಿ ತೇಕಾಡಾಕತ್ತಿದ್ರು. ಕುರ್ಚೆ ಹಾಕಿದೆ. ಚಾ ಕೊಟ್ಟೆ. ಮಗನ ಸಾಲಿ ಕೇಳಿದ್ರು. ನೀರು ದಿನಾ ಬರತಾವೇನು ಅಂತ ಕೇಳಿದ್ರು. ಸೋಮವಾರದಿಂದ ಬಾ ಅಂದ್ರು."

"ಆಮೇಲೆ?"

"ಆಮ್ಯಾಲ ಏನಿಲ್ಲ. ಹೋಗೂ ಮುಂದ ಬಾಗಲದಾಗ ನಿಂತ್ರು. ಬಾಯಿ ತಗದ್ರು, ಮುಚ್ಚಿದ್ರು. ಮತ್ತ ತಗದ್ರು. ಹೋದ್ರು."

"ತಪ್ಪಾಯ್ತು ಅನ್ಲೇ ಇಲ್ವಾ?"

"ಬರಂಗಿಲ್ರೀ ಅವರಿಗೆ. ಬರತಿದ್ರ ಅಂತಿದ್ರು, ಪಾಪ."

ಸಿಟ್ಟಿನಿಂದ ಎದ್ದು ನಿಂತೆ. ಪಕ್ಕದವರು ತಿರುಗಿ ನೋಡಿದರು. ಅಷ್ಟು ದೂರದ ಪರದೆಯ ಮುಂದೆ ನೆತ್ತಿ ಕಾಣುವಷ್ಟು ಬಾಗಿದ ಮನುಷ್ಯನಿಗೆ ಲಗ್ಗೆರೆಯ ಬಾಗಿಲಲ್ಲಿ ಒಂದು ಮಾತು ಹೊರಡಲಿಲ್ಲವೇ ಎಂದು ಏನೇನೋ ಬೈದೆ. ಶಾಂತವ್ವ ಪೂರ್ತಿ ಕೇಳಿಸಿಕೊಂಡರು.

"ಸಿಟ್ಟಾಗಬ್ಯಾಡ್ರೀ. ಆ ಭಾಷಾದಾಗ ನೀವ ಕಲಸೀರಲ್ಲ, ಈ ಭಾಷಾದಾಗನೂ ನೀವ ಬಂದ ಕಲಸ್ರಿ. ಕಲಿಯೂ ತನಕ ನಾ ಬರಂಗಿಲ್ಲ."

"ಆಯ್ತು" ಎಂದೆ. "ಸೋಮವಾರ ಬೆಳಗ್ಗೆ ಅವ್ರನ್ನ ನಾನೇ ಕರ್ಕೊಂಡ್ ಬರ್ತೀನಿ. ಇನ್ನೊಂದ್ಸಲ ಚಾ ಇಡಿ."